ಶನಿವಾರದ ಕಾರುಗಳು

ಹೊಸ ಶಾಪಿಂಗ್ ಸೆಂಟರಿಗೆ ಎಷ್ಟು ಕಾರು ನಿಲ್ಲುವ ಜಾಗ ಬೇಕು ಎಂಬ ಕಡತ ಮೇಜಿಗೆ ಬಂದಾಗ ನಗರಸಭೆಯ ಎಂಜಿನಿಯರ್ ಮೊದಲು ನೋಡಿದ್ದು ನಕ್ಷೆಯಲ್ಲಿ ಸೆಂಟರಿನ ಹಿಂಬದಿಯ ಮೂಲೆಯನ್ನು. ಅಲ್ಲೊಂದು ಹಸಿರು ಚೌಕವಿತ್ತು. ಅದು ಅವಳ ಅಕ್ಕ ನಡೆಸುತ್ತಿದ್ದ ಶಿಶುವಿಹಾರದ ಆಟದ ಬಯಲು. ಕಟ್ಟಡ ಅಕ್ಕನದು, ಬಯಲು ಮಾತ್ರ ನಗರಸಭೆಯದು. ನಾನೂರು ಕಾರು ಎಂದು ಬರೆದರೆ ಅದು ಹೋಗುತ್ತದೆ. ಇನ್ನೂರೈವತ್ತಾದರೆ ಉಳಿಯುತ್ತದೆ.

ಅವಳು ಕಡತವನ್ನು ಹಾಗೇ ಎತ್ತಿಕೊಂಡು ಮುಖ್ಯಾಧಿಕಾರಿಯ ಕೋಣೆಗೆ ಹೋದಳು.

"ಸರ್, ಹಿಂದಿರೋ ಶಿಶುವಿಹಾರ ನಮ್ಮಕ್ಕಂದು. ಇದನ್ನ ಬೇರೆಯವರಿಗೆ ಕೊಡಿ."

ಅವರು ಕನ್ನಡಕವನ್ನು ಹಣೆಗೇರಿಸಿದರು. "ಬೇರೆಯವರು ಅಂದ್ರೆ ಯಾರಮ್ಮ? ಈ ಲೆಕ್ಕ ಬರೋದು ನಿಮಗೊಬ್ಬರಿಗೇ. ನನಗೆ ಕೊಟ್ರೆ ನನ್ನ ಕಾರಿಗೊಂದು ನೆರಳು ನೋಡ್ಕೊಂಡು ಸಹಿ ಹಾಕ್ತೀನಿ ಅಷ್ಟೆ. ನೀವು ಹೇಳಿದ್ರಿ, ನಾನು ಕೇಳಿಸ್ಕೊಂಡೆ. ಹೋಗಿ ಮಾಡಿ."

ಊರಿನ ಇನ್ನೊಂದು ತುದಿಯಲ್ಲಿ ಹಳೆಯ ಶಾಪಿಂಗ್ ಸೆಂಟರ್ ಇತ್ತು. ಅವಳು ಅಲ್ಲಿಗೆ ಹೋಗಿ ನಿಂತು ನೋಡಿದಳು. ವಾರದ ದಿನಗಳಲ್ಲಿ ಅರ್ಧ ಜಾಗ ಬಿಸಿಲು ಕಾಯುತ್ತ ಬಿದ್ದಿರುತ್ತಿತ್ತು. ಹೊಸದಾಗಿ ಕಾರು ಕಲಿಯುವವರು ಅಲ್ಲಿ ಸುತ್ತು ಹೊಡೆಯುತ್ತಿದ್ದರು. ಶನಿವಾರ ಸಂಜೆ ಮಾತ್ರ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಳತೆಯನ್ನು ಯಾವ ದಿನಕ್ಕೆ ಹಿಡಿಯಬೇಕು ಎಂಬುದೇ ಪ್ರಶ್ನೆ. ಅಪರೂಪಕ್ಕೆ ಬರುವ ನೆಂಟರಿಗಾಗಿ ಮನೆ ತುಂಬ ಮಂಚ ಹಾಕಿಸಿ ಉಳಿದ ದಿನ ಅವನ್ನೇ ದಾಟಿಕೊಂಡು ಓಡಾಡುವವರುಂಟೆ ಎಂದು ಅವಳು ಎಷ್ಟೋ ವರ್ಷಗಳಿಂದ ವಾದಿಸುತ್ತ ಬಂದಿದ್ದಳು. ಕಚೇರಿಯಲ್ಲಿ ಅವಳಿಗೆ 'ಮಂಚದ ಮೇಡಂ' ಎಂಬ ಹೆಸರೂ ಬಿದ್ದಿತ್ತು. ಈ ಸಲವೂ ವಾದ ಅದೇ. ಆದರೆ ಬರೆಯಲು ಕುಳಿತಾಗ ಕೈ ನಿಲ್ಲುತ್ತಿತ್ತು. ಮಾತು ಇಷ್ಟು ಸಲೀಸಾಗಿ ಬರುತ್ತಿರುವುದು ಅದು ನಿಜವೆಂದೋ, ಅಕ್ಕನ ಬಯಲೆಂದೋ?

ಅಕ್ಕ ಒಂದು ಮಾತೂ ಕೇಳಲಿಲ್ಲ. ಫೋನಿನಲ್ಲಿ ಮೊಣಕಾಲು ನೋವು, ಭಾವನ ಗೊರಕೆ, ಎಲ್ಲ ಬಂದವು. ಬಯಲಿನ ಸುದ್ದಿ ಮಾತ್ರ ಬರಲಿಲ್ಲ. ಕೇಳಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ನಗರಸಭೆಯ ಸಭೆಯಲ್ಲಿ ಹೊಸ ಸೆಂಟರಿನ ಮಾಲೀಕ ಮೆಲ್ಲಗೆ ಹೇಳಿದ, "ಮೇಡಂ, ಗಿರಾಕಿ ಒಂದು ಸಲ ಜಾಗ ಸಿಗದೆ ವಾಪಸ್ ಹೋದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ."

"ಬಾಗಿಲ ಮುಂದೇನೇ ಬಸ್ ನಿಲ್ಲುತ್ತಲ್ಲ."

"ಫ್ರಿಜ್ ತಗೊಂಡೋನು ಬಸ್ ಹತ್ತೋದು ಹೇಗೆ ಅಂತಾನೂ ವರದಿಲಿ ಬರೀರಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಇನ್ನೂರೈವತ್ತು ಎಂದೇ ಬರೆದಳು, ಸಭೆ ಒಪ್ಪಿಕೊಂಡಿತು.

ಸೆಂಟರ್ ತೆರೆದ ಮೇಲೆ ವಾರದ ದಿನಗಳಲ್ಲಿ ಲೆಕ್ಕ ಸರಿಯಾಗೇ ಇತ್ತು. ಶನಿವಾರ ಮಾತ್ರ ಕಾರುಗಳು ಹಿಂದಿನ ಓಣಿಗೂ ನುಗ್ಗಿ ಶಿಶುವಿಹಾರದ ಗೇಟಿಗೆ ಮೂಗು ತಾಗಿಸಿ ನಿಲ್ಲತೊಡಗಿದವು. ಅಂಗಡಿಗಳಲ್ಲಿ ಕೆಲಸ ಮಾಡುವ ತಾಯಂದಿರಿಗಾಗಿ ಅಕ್ಕ ಶನಿವಾರವೂ ಬಾಗಿಲು ತೆರೆಯುತ್ತಿದ್ದಳು. ಅಂಥ ಒಂದು ಸಂಜೆ ಅವಳು ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದು ಗೇಟು ದಾಟುವಾಗ ಕಾರೊಂದು ಹಿಂದಕ್ಕೆ ಬಂತು. ಅಕ್ಕ ಹುಡುಗಿಯನ್ನು ಪಕ್ಕಕ್ಕೆ ನೂಕಿದಳು. ಕಾರು ಅಕ್ಕನಿಗೆ ಬಡಿಯಿತು.

ಆಸ್ಪತ್ರೆಯಲ್ಲಿ ಅಕ್ಕನ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದರು. ತಂಗಿ ಮಂಚದ ಅಂಚಿನಲ್ಲಿ ಕುಳಿತು, "ನಾನು ಬರೆದ ಸಂಖ್ಯೆಯಿಂದ ಆಗಿದ್ದು ಅಕ್ಕ ಇದು," ಎಂದಳು.

"ಕಾರು ಓಡಿಸಿದ್ದು ನೀನಾ?"

"ನಾನೂರು ಅಂದಿದ್ರೆ ಓಣೀಲಿ ಕಾರೇ ಇರ್ತಿರ್ಲಿಲ್ಲ."

"ಮಕ್ಕಳಿಗೆ ಬಯಲೂ ಇರ್ತಿರ್ಲಿಲ್ಲ. ಆ ನೀರಿನ ಲೋಟ ಇತ್ತ ಕೊಡು."

ಮುಂದಿನ ಸಭೆಯಲ್ಲಿ ಅವಳು ಎದ್ದು ನಿಂತು, ಓಣಿಯ ಬಾಯಿಗೆ ಕಂಬ ನೆಟ್ಟು ಕಾರು ಬಾರದಂತೆ ಮಾಡಬೇಕು, ಶನಿವಾರ ಖಾಲಿ ಬೀಳುವ, ಹತ್ತಿರದಲ್ಲೇ ಇರುವ ನಗರಸಭೆ ಕಚೇರಿಯ ಅಂಗಳವನ್ನು ಗಿರಾಕಿಗಳ ಕಾರಿಗೆ ತೆರೆಯಬೇಕು ಎಂದಳು.

ಮಾಲೀಕ ಈ ಸಲ ನಗಲಿಲ್ಲ. "ಆವತ್ತು ಅಕ್ಕನಿಗೋಸ್ಕರ ಜಾಗ ಕಡಿಮೆ ಮಾಡಿದ್ರಿ. ಇವತ್ತು ಅಕ್ಕನಿಗೋಸ್ಕರ ಓಣಿ ಮುಚ್ತೀರಿ."

ಮುಖ್ಯಾಧಿಕಾರಿ ಏನೋ ಹೇಳಲು ಬಾಯಿ ತೆರೆದರು. ಅವಳೇ ಮುಂಚೆ ಮಾತಾಡಿದಳು. "ಇರಬಹುದು. ನನಗೂ ಅದು ಗೊತ್ತಾಗ್ತಿಲ್ಲ. ಹೊರಗಿನವರಿಂದ ಲೆಕ್ಕ ಮತ್ತೆ ಹಾಕಿಸಿ. ಅಲ್ಲೀವರೆಗೂ ಕಂಬ ನೆಡಿ, ಮಕ್ಕಳು ಓಡಾಡೋ ಜಾಗ ಅದು."

ಕಂಬ ನೆಟ್ಟರು. ಅಂಗಳವನ್ನೂ ಗೊಣಗುತ್ತಲೇ ತೆರೆದರು. ಹೊರಗಿನಿಂದ ಬಂದ ತಜ್ಞ ಎಲ್ಲವನ್ನೂ ಅಳೆದು, ಮುನ್ನೂರಿದ್ದರೆ ಚೆನ್ನಾಗಿತ್ತು, ಅಂಗಳ ತೆರೆದಿರುವುದರಿಂದ ಇನ್ನೂರೈವತ್ತರಲ್ಲೇ ನಿಭಾಯಿಸಬಹುದು ಎಂದು ಬರೆದುಕೊಟ್ಟ. ಸಭೆಗೆ ಅಷ್ಟು ಸಾಕಾಯಿತು. ಅವಳಿಗೆ ಸಾಕಾಗಲಿಲ್ಲ. ತಪ್ಪು ಎಂದಿದ್ದರೂ ಒಂದು ದಾರಿಯಾಗುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅಕ್ಕನ ಮಣಿಕಟ್ಟು ಪೂರ್ತಿ ಬಗ್ಗಲಿಲ್ಲ. ಒಂದು ದಿನ ಶಿಶುವಿಹಾರದ ಅಡುಗೆಮನೆಯಲ್ಲಿ ಅವಳಿಗೆ ಡಬ್ಬಿಯ ಮುಚ್ಚಳ ತೆಗೆದುಕೊಡುತ್ತ ತಂಗಿ ಕೇಳಿದಳು, "ಅಲ್ಲಿ ನಿನ್ನ ಶಾಲೆ ಇಲ್ದೆ ಇದ್ದಿದ್ರೆ ಅಷ್ಟೇ ಬರೀತಿದ್ನಾ ನಾನು?"

"ನನ್ನ ಕೇಳಿದ್ರೆ ನಾನೇನ್ ಹೇಳ್ಲಿ? ನಿನಗೆ ಸಮಾಧಾನ ಆಗ್ಲಿ ಅಂತ ಬಯಲು ಬಿಟ್ಕೊಡ್ಲಾ?"

"ಹಾಗಲ್ಲ ಅಕ್ಕ."

"ಮತ್ತೆ ಹೇಗೆ?"

ತಂಗಿ ಡಬ್ಬಿಯನ್ನು ಅಕ್ಕನ ಕೈಗೆಟುಕುವಂತೆ ಕೆಳಗಿನ ಕಪಾಟಿನಲ್ಲಿಟ್ಟು, ಮುಚ್ಚಳವನ್ನು ಸಡಿಲವಾಗಿ ಮೇಲಿಟ್ಟಳು. ಹೊರಗೆ ಮಕ್ಕಳು ಯಾವುದೋ ಚೆಂಡಿಗಾಗಿ ಕಿತ್ತಾಡುತ್ತಿದ್ದರು. ಅಕ್ಕ ಕೈ ಒರೆಸಿಕೊಂಡು ಬಿಡಿಸಲು ಹೋದಳು.