ಅಗಲ ಪರದೆ ಮತ್ತು ಒಂದು ಕಿಟಕಿ

ಅಕ್ಕನಿಗೆ ಕಿಟಕಿ ಇರಲಿಲ್ಲ.

ಉದ್ದನೆಯ ಒಂದೇ ಕೋಣೆಯನ್ನು ಬಟ್ಟೆಯ ಬೀರು ಅಡ್ಡ ಇಟ್ಟು ಎರಡು ಮಾಡಿದ್ದರು. ಬೀರುವಿನ ಆಚೆ ತಮ್ಮ, ಈಚೆ ಅಕ್ಕ. ಕಿಟಕಿ ಆಚೆ ಕಡೆಗೆ ಹೋಗಿತ್ತು. ಈಚೆ ಬಾಗಿಲು, ಸ್ವಿಚ್ ಬೋರ್ಡು, ಕಂಪ್ಯೂಟರ್ ಮೇಜು ಮತ್ತು ಮನೆಯವರೆಲ್ಲರ ಓಡಾಟ. ತಮ್ಮ ಹುಟ್ಟಿದಾಗ ಅವನಿಗೆ ಉಬ್ಬಸವಿತ್ತು, ಮಗುವಿಗೆ ಗಾಳಿ ಬೇಕು ಎಂದು ಡಾಕ್ಟರು ಹೇಳಿದ್ದರು. ಶಾಲೆಗೆ ಸೇರುವ ಮೊದಲೇ ಉಬ್ಬಸ ಅವನನ್ನು ಬಿಟ್ಟುಹೋಯಿತು. ಅವನು ಕಿಟಕಿಯನ್ನು ಬಿಡಲಿಲ್ಲ. ಈಗ ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದ, ಮೋಟಾರನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಆದರೂ ಅಕ್ಕ ಅವನನ್ನು ಕೆಮ್ಮಪ್ಪ ಎಂದೇ ಕರೆಯುತ್ತಿದ್ದಳು.

ಅಕ್ಕ ಮನೆಯಲ್ಲೇ ಕೂತು ವಿಡಿಯೊ ಎಡಿಟ್ ಮಾಡುತ್ತಿದ್ದಳು. ಮದುವೆ, ಮಕ್ಕಳ ಹುಟ್ಟುಹಬ್ಬ, ಒಮ್ಮೆ ಯಾರದೋ ನಾಯಿಯ ಹುಟ್ಟುಹಬ್ಬ. ಸಂಜೆ ತಮ್ಮ ಬಂದು ಅದೇ ಪರದೆಯ ಮೇಲೆ ಕಾರು ಓಡಿಸುತ್ತಿದ್ದ. ಊಟವಾದ ಮೇಲೆ ಅದು ಅಜ್ಜಿಯ ಪಾಲು. ಅಜ್ಜಿ ಕುಸ್ತಿಯ ವಿಡಿಯೊ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಹೀಗೆ ಮೂವರ ಕೈಯಲ್ಲಿ ದುಡಿದು ಸವೆದಿದ್ದ ಹಳೆಯ ಚೌಕದ ಮಾನಿಟರ್, ಒಬ್ಬ ಪೈಲ್ವಾನ ಇನ್ನೊಬ್ಬನನ್ನು ಎತ್ತಿ ಹಿಡಿದಿದ್ದ ಹೊತ್ತಿಗೆ ಟಪ್ಪೆಂದು ಕಣ್ಣು ಮುಚ್ಚಿತು.

“ನಾನೇನೂ ಮುಟ್ಟಿಲ್ಲಪ್ಪ,” ಎಂದಳು ಅಜ್ಜಿ. “ಅವನನ್ನ ಕೆಳಗೆ ಹಾಕಿದ್ನೋ ಇಲ್ವೋ, ಅದನ್ನಾದ್ರೂ ಯಾರಾದ್ರೂ ಹೇಳಿ.”

ಹೊಸದು ತರಲೇಬೇಕಾಯಿತು. ಅಕ್ಕ ತಮ್ಮ ಇಬ್ಬರೂ ಸಮ ಪಾಲು ಹಾಕುವುದೆಂದು ತೀರ್ಮಾನವಾಯಿತು. ನೋಡಿ ಆರಿಸಲು ನಾಲ್ವರು ಹೊರಟರು: ಅಕ್ಕ, ತಮ್ಮ, ಸೋಫಾ ರಿಪೇರಿ ಮಾಡುವ ಅಪ್ಪ, ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕೌಂಟರಿನ ಅಮ್ಮ. ಅಜ್ಜಿ ಬರಲಿಲ್ಲ. “ನಂಗೆ ಯಾವುದಾದ್ರೂ ನಡೆಯುತ್ತೆ. ಪೈಲ್ವಾನರು ಪೂರ್ತಿ ಹಿಡಿಸಬೇಕು, ಅಷ್ಟೇ.”

ಅಂಗಡಿಯ ಗೋಡೆಯ ತುಂಬ ಅಗಲ ಪರದೆಗಳು. ಎಲ್ಲದರಲ್ಲೂ ಅದೇ ಗಿಳಿ ಅದೇ ಕೊಂಬೆಯಿಂದ ಹಾರುತ್ತಿತ್ತು. ಅಂಗಡಿಯವನು ಅವರ ಬಜೆಟ್ ಕೇಳಿ, ಕೊಂಚ ಮುಖ ಸಣ್ಣ ಮಾಡಿ, ಮೂಲೆಯಲ್ಲಿದ್ದ ಎರಡರ ಬಳಿಗೆ ಕರೆದೊಯ್ದ. ಎರಡೂ ಒಂದೇ ಗಾತ್ರ, ಒಂದೇ ಬೆಲೆ.

“ಇದು ಆಟಕ್ಕೆ ಅಂತಾನೇ ಮಾಡಿರೋದು. ಕಾರು ಎಷ್ಟು ಜೋರಾಗಿ ಹೋದ್ರೂ ಹಿಂದೆ ಬಾಲದ ಥರ ಮಬ್ಬು ಬರಲ್ಲ. ಆ ಕಡೇದು ವಿಡಿಯೊಗೆ. ಸ್ವಲ್ಪ ನಿಧಾನ, ಆದ್ರೆ ಬಣ್ಣ ಇದ್ದದ್ದು ಇದ್ದ ಹಾಗೇ ಬರುತ್ತೆ, ಮೇಲಿಂದ ಕೆಳಗಿಂದ ಎಲ್ಲಿಂದ ನೋಡಿದ್ರೂ...”

“ಒಂದ್ನಿಮಿಷ,” ಎಂದಳು ಅಮ್ಮ. ನಾಲ್ವರೂ ಒಟ್ಟಿಗೆ ಮೂತಿ ತೂರಿಸಿದ್ದು ಅವಳಿಗೆ ಸರಿಬಂದಿರಲಿಲ್ಲ. “ಗುಂಪು ಬೇಡ. ಒಬ್ಬೊಬ್ಬರೇ ಬನ್ನಿ. ಉಳಿದವರು ಹಿಂದೆ ನಿಲ್ಲಿ.”

“ಅಮ್ಮಾ, ಇದು ಆಸ್ಪತ್ರೆ ಅಲ್ಲ.”

“ಎಲ್ಲಾದ್ರೇನು? ನುಗ್ಗಿದ್ರೆ ಯಾರಿಗೂ ಏನೂ ಕಾಣಲ್ಲ.”

ಪರದೆಯ ಎದುರು ಸರಿಯಾಗಿ ಮಧ್ಯಕ್ಕೆ ಬರುವ ನೆಲದ ಕಲ್ಲೊಂದನ್ನು ಅಮ್ಮ ಕಾಲಿನಿಂದ ತೋರಿಸಿದಳು. ಒಬ್ಬೊಬ್ಬರೂ ಬಂದು ಆ ಕಲ್ಲಿನ ಮೇಲೆ ಎದೆ ಸೆಟೆಸಿ ನಿಂತು, ಎಡಗಡೆಯ ಗಿಳಿಯನ್ನು ನೋಡಿ, ಒಂದು ಹೆಜ್ಜೆ ಸರಿದು ಬಲಗಡೆಯ ಗಿಳಿಯನ್ನು ನೋಡಿ, ಮುಂದಿನವರಿಗೆ ಜಾಗ ಬಿಟ್ಟುಕೊಟ್ಟರು. ಫೋಟೊ ತೆಗೆಸಿಕೊಳ್ಳಲು ನಿಂತವರಂತೆ ಇತ್ತು. ಅಂಗಡಿಯವನು ಹೇಳುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು ಇನ್ನೊಬ್ಬ ಗಿರಾಕಿಯ ಕಡೆ ಹೋದ.

ಅಪ್ಪ ತನ್ನ ಸರದಿ ಬರುವವರೆಗೆ ಅಂಗಡಿಯ ಕುರ್ಚಿಯನ್ನು ಒತ್ತಿ ನೋಡಿದ. “ಇದರೊಳಗೆ ಇರೋದು ಸ್ಪಂಜಲ್ಲ, ಬರೀ ಗಾಳಿ,” ಎಂದು ವರದಿ ಕೊಟ್ಟ. ಗಿಳಿಯ ಬಗ್ಗೆ ಅವನಿಗೆ ಅಭಿಪ್ರಾಯವಿರಲಿಲ್ಲ.

“ಎರಡೂ ಒಂದೇ ಥರ ಇದೆ,” ಎಂದ ತಮ್ಮ. “ಹಾಗಿದ್ಮೇಲೆ ಜೋರಾಗಿ ಓಡೋದೇ ತಗೊಳ್ಳೋಣ.”

“ಒಂದೇ ಥರ ಇಲ್ಲ. ಬಲಗಡೇದರಲ್ಲಿ ಕೆಂಪು ಕೆಂಪಾಗಿದೆ. ನಿನ್ನದರಲ್ಲಿ ಟೊಮೆಟೊ ತೊಳೆದ ನೀರು.”

“ಮದುವೆ ಹೆಣ್ಣಿನ ಕೆನ್ನೆ ನೋಡೋಕೆ ನಾನು ದುಡ್ಡು ಹಾಕಲ್ಲ.”

“ನಿನ್ನ ಕಾರು ಗೋಡೆಗೆ ಗುದ್ದೋದನ್ನ ನೋಡೋಕೆ ನಾನೂ ಹಾಕಲ್ಲ.”

“ಗುದ್ದೋದಾ? ನಾನಾ?” ತಮ್ಮ ಅಪ್ಪನ ಕಡೆ ತಿರುಗಿದ. “ಇವಳು ಒಂದು ಸಲ, ಒಂದೇ ಒಂದು ಸಲ ನನ್ನ ಗೆದ್ದಿದ್ದನ್ನ ನೋಡಿದೀಯಾ ನೀನು?”

ಅಪ್ಪ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ.

ಅಕ್ಕ ಗಿಳಿಗೆ ಬೆನ್ನು ತಿರುಗಿಸಿದಳು. ಆಮೇಲೆ ಹೇಳಿದಳು: “ಸರಿ. ನಿನ್ನದೇ ತಗೊಳ್ಳೋಣ. ಆದ್ರೆ ಭಾನುವಾರ ಅದರ ಮೇಲೆ ನಾನೂ ನೀನೂ ಓಡಿಸಬೇಕು. ಮೂರು ರೇಸು. ನಾನು ಗೆದ್ದರೆ ಕಿಟಕಿ ನನಗೆ.”

“ಸೋತರೆ?”

“ಒಂದು ವರ್ಷ ನಿನ್ನ ಯೂನಿಫಾರ್ಮ್ ನಾನು ಒಗೀತೀನಿ. ಗ್ರೀಸ್ ಸಮೇತ.”

ತಮ್ಮ ನಕ್ಕ ನಗೆಗೆ ಬಿಲ್ ಬರೆಯುತ್ತಿದ್ದವನು ತಲೆ ಎತ್ತಿ ನೋಡಿದ. “ಅಮ್ಮ, ನೀನೇ ಸಾಕ್ಷಿ. ಅಪ್ಪ, ನೀನೂ. ಪಾಪ, ಸೋಪು ಮಾತ್ರ ನಾನೇ ತಂದುಕೊಡ್ತೀನಿ.”

ಶನಿವಾರ ಮಾನಿಟರ್ ಮನೆಗೆ ಬಂತು. ಮೇಜಿನ ಮೇಲೆ ಇಟ್ಟಾಗ ಅದರ ಎರಡು ಅಂಚೂ ಮೇಜನ್ನು ದಾಟಿ ಹೊರಗೆ ಚಾಚಿದವು. ಅಪ್ಪ ಅಡಿಗೆ ಇಟ್ಟಿಗೆ ಇಟ್ಟು ಒಂದು ಹಲಗೆ ಜೋಡಿಸಿದ. ಹಾಗೆ ಅದು ಮೊದಲಿಗಿಂತ ಗೇಣುದ್ದ ಮೇಲಕ್ಕೇರಿತು. ಆ ಸಂಜೆ ಮೊದಲ ಮರ್ಯಾದೆ ಅಜ್ಜಿಗೆ ಎಂದು ಕುಸ್ತಿಯನ್ನೇ ಹಾಕಿದರು. ಅಜ್ಜಿ ಎಂದಿನಂತೆ ಬೀರುವಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಬೆಳ್ಳುಳ್ಳಿ.

“ಇವರಿಬ್ರೂ ಯಾಕೆ ಮುಖಕ್ಕೆ ಮಸಿ ಬಳ್ಕೊಂಡಿದಾರೆ?”

“ಮಸಿ ಎಲ್ಲಿದೆ ಅಜ್ಜಿ?” ಎಂದ ಮೇಜಿನ ಬಳಿ ನಿಂತಿದ್ದ ತಮ್ಮ. “ಹೊಳೀತಾ ಇದಾರೆ.”

“ಹೊಳೆಯೋದು ಅವರ ಹುಬ್ಬು. ಮುಖ ಕಪ್ಪು, ಹುಬ್ಬು ಬೆಳ್ಳಗೆ. ಹುಚ್ಚು ಹಿಡಿದಿದ್ಯಾ ಅವರಿಗೆ?”

ಬಾಗಿಲಲ್ಲಿ ನಿಂತಿದ್ದ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಅಮ್ಮ ದನಿ ತಗ್ಗಿಸಿ, “ಸೋಮವಾರ ಕಣ್ಣಿನ ವಿಭಾಗಕ್ಕೆ ಒಂದು ಟೋಕನ್ ತೆಗೆದಿಡ್ತೀನಿ,” ಎಂದಳು. ದನಿ ತಗ್ಗಿದ್ದು ಸಾಲಲಿಲ್ಲ.

“ನನ್ನ ಕಣ್ಣಿಗೇನಾಗಿದೆ? ನಿನ್ನ ಸೀರೆಗೆ ಸಾರು ಚೆಲ್ಲಿದೆ, ಎಡಗಡೆ, ಮೊಣಕಾಲ ಹತ್ರ. ನೋಡ್ಕೋ.”

ಅಮ್ಮ ನೋಡಿಕೊಂಡಳು. ಚೆಲ್ಲಿತ್ತು.

ಅಜ್ಜಿ ಮುನಿಸಿಕೊಂಡು ಬೆಳ್ಳುಳ್ಳಿಯನ್ನು ಪಕ್ಕಕ್ಕೆ ತಳ್ಳಿದಳು. ಅದು ನೆಲದ ತುಂಬ ಚೆಲ್ಲಾಪಿಲ್ಲಿಯಾಯಿತು. ಆರಿಸಿಕೊಡಲು ಅಕ್ಕ ಅಜ್ಜಿಯ ಪಕ್ಕ ನೆಲದಲ್ಲಿ ಕೂತಳು, ಕೂತು ತಲೆ ಎತ್ತಿದಳು. ಪೈಲ್ವಾನರ ಮುಖ ಕಪ್ಪಾಗಿತ್ತು, ಹುಬ್ಬು ಬೆಳ್ಳಗಿತ್ತು. ಅಖಾಡದ ಮೇಲಿನ ದೀಪಗಳು ಆರಿಹೋದಂತಿದ್ದವು. ಅಕ್ಕ ಎದ್ದು ನಿಂತಳು: ಎಲ್ಲ ಸರಿಯಿತ್ತು. ಮತ್ತೆ ಕೂತಳು: ಮಸಿ. ಎದ್ದಳು, ಕೂತಳು.

“ಇವಳಿಗೇನಾಯ್ತು?” ಎಂದಳು ಅಜ್ಜಿ.

“ಅಜ್ಜಿ ಕಣ್ಣು ಸರಿಯಾಗೇ ಇದೆ,” ಎಂದಳು ಅಕ್ಕ. “ಈ ಪರದೆ ಕೆಳಗಿಂದ ನೋಡಿದ್ರೆ ಕಪ್ಪಾಗುತ್ತೆ. ಅಂಗಡಿಯವನು ಅದನ್ನೇ ಹೇಳೋಕೆ ಹೊರಟಿದ್ದು. ನಾವೆಲ್ಲ ಅಮ್ಮನ ಕಲ್ಲಿನ ಮೇಲೆ ನೆಟ್ಟಗೆ ನಿಂತು ನೋಡಿ ಬಂದ್ವಿ.”

“ಸಾಲು ಮಾಡಿಸಿದ್ದು ತಪ್ಪಾ?” ಎಂದಳು ಅಮ್ಮ.

“ಸಾಲು ತಪ್ಪಲ್ಲ. ಯಾರೂ ಕೂತು ನೋಡಲಿಲ್ಲ, ಅದು ತಪ್ಪು.”

ತಮ್ಮ ಕೈಯಾಡಿಸಿದ. “ನೆಲದಲ್ಲಿ ಕೂತವರಿಗೆ ತಾನೇ? ಅಜ್ಜಿಗೊಂದು ಕುರ್ಚಿ ಹಾಕಿ. ಮುಗೀತು.”

ಆಟವಾಡುವಾಗ ತಾನು ಎಲ್ಲಿ ಕೂರುತ್ತೇನೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅಪ್ಪ ಹಳೆಯ ಸೋಫಾದಿಂದ ಕಿತ್ತ ಫೋಮಿನಲ್ಲಿ ಅವನಿಗೊಂದು ಸೀಟು ಹೊಲಿದುಕೊಟ್ಟಿದ್ದ. ಕೂತರೆ ಅದು ರೊಟ್ಟಿಯಂತೆ ಚಪ್ಪಟೆಯಾಗಿ ಅವನನ್ನು ನೆಲಕ್ಕೇ ಇಳಿಸುತ್ತಿತ್ತು. ಆ ಸೀಟಿನಲ್ಲಿ ಕೂತು ಅವನು ಯಾರಿಗೂ ಸೋತಿರಲಿಲ್ಲ.

ಭಾನುವಾರ ಮಧ್ಯಾಹ್ನ ಇಡೀ ಮನೆ ಸೇರಿತು. ಇಬ್ಬರು ಆಡುವಾಗ ಆ ಆಟ ಪರದೆಯನ್ನು ಅಡ್ಡಕ್ಕೆ ಸೀಳಿ ಮೇಲೊಂದು ಕೆಳಗೊಂದು ದಾರಿ ತೋರಿಸುತ್ತಿತ್ತು. ಮೇಲಿನದು ಯಾವಾಗಲೂ ತಮ್ಮನದು, ಅವನು ದೊಡ್ಡ ಆಟಗಾರ. ಅಕ್ಕ ಎಡಿಟಿಂಗಿಗೆ ಕೂರುವ ಎತ್ತರದ ಸ್ಟೂಲಿನಲ್ಲೇ ಕೂತಳು. ತಮ್ಮ ತನ್ನ ಸೀಟಿನಲ್ಲಿ ಇಳಿದು ಕಾಲು ಚಾಚಿದ.

“ಲೋ ಕೆಮ್ಮಪ್ಪ, ಮೇಲೆ ಕೂತ್ಕೋ,” ಎಂದಳು ಅಕ್ಕ. “ಅಲ್ಲಿಂದ ಕಾಣಲ್ಲ ನಿಂಗೆ. ಆಮೇಲೆ ನಾನು ಮೋಸ ಮಾಡ್ದೆ ಅನ್ನಬೇಡ.”

“ನನ್ನ ಸೀಟಿಂದ ಎಬ್ಬಿಸೋಕೆ ಇದೊಂದು ಉಪಾಯನಾ? ಹೋಗೇ.”

“ನೀನೂ ನೆಲದಲ್ಲೇ ಇದೀಯ ಕಣೋ,” ಎಂದಳು ಅಜ್ಜಿ. ಅವಳೂ ಕುರ್ಚಿ ಬೇಡವೆಂದು ನೆಲದಲ್ಲೇ ಕೂತಿದ್ದಳು.

ಮೊದಲನೆಯ ರೇಸು ಸಮುದ್ರದ ದಂಡೆ, ಉರಿಬಿಸಿಲು. ಅಷ್ಟು ಬೆಳಕಿದ್ದ ದಾರಿಯಲ್ಲಿ ಪರದೆ ಏನು ಮಾಡಿದರೂ ತಮ್ಮನಿಗೆ ರಸ್ತೆ ಕಂಡಿತು. ಅವನೇ ಗೆದ್ದ. ಬೀರುವಿಗೆ ನೇತುಹಾಕಿದ್ದ ಯೂನಿಫಾರ್ಮಿನ ಕಾಲರ್ ಎಳೆದು ಅಕ್ಕನಿಗೆ ತೋರಿಸಿದ. “ಇಲ್ಲಿ ಜಾಸ್ತಿ ಉಜ್ಜಬೇಕು. ಇಲ್ಲೇ ಕೊಳೆ ಕೂರೋದು.”

ಎರಡನೆಯದು ಬೆಟ್ಟ. ನಡುವೆ ಉದ್ದನೆಯ ಸುರಂಗ. ಸುರಂಗದೊಳಗೆ ಹೋದ ತಮ್ಮನ ಕಾರು ಸುಮಾರು ಹೊತ್ತು ಹೊರಗೆ ಬರಲಿಲ್ಲ.

“ಎಲ್ಲಿದೀಯೋ?” ಎಂದ ಅಪ್ಪ.

“ಈ ಕಂಟ್ರೋಲರ್ ಬಟನ್ ಅಂಟ್ತಾ ಇದೆ!”

“ಬಟನ್ ಅಲ್ಲ, ಮಸಿ,” ಎಂದಳು ಅಜ್ಜಿ. “ನಂಗೂ ಏನೂ ಕಾಣ್ತಿಲ್ಲ.”

ಅಕ್ಕ ಗೆದ್ದಳು. ಜೀವಮಾನದಲ್ಲಿ ಮೊದಲ ಸಲ. ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಇನ್ನೊಂದಿಷ್ಟು ಎಳೆದುಕೊಂಡಳು. ಅಪ್ಪ ಅಡುಗೆಮನೆಯಿಂದ ಇನ್ನೊಂದು ಸ್ಟೂಲು ತಂದು ಮಗನ ಪಕ್ಕ ಇಟ್ಟ. ತಮ್ಮ ಅದನ್ನು ನೋಡಿದ, ಅಕ್ಕನನ್ನು ನೋಡಿದ. ಅವನಿಗೆ ಅರ್ಥವಾಗಿತ್ತು ಎಂಬುದು ಕಿವಿ ಕೆಂಪಾದದ್ದರಿಂದಲೇ ಎಲ್ಲರಿಗೂ ತಿಳಿಯಿತು.

“ಈಗ ಎದ್ದರೆ ಹೆದರಿದೆ ಅಂತೀರಿ,” ಎಂದ. ಏಳಲಿಲ್ಲ.

ಮೂರನೆಯದು ಪೇಟೆ, ರಾತ್ರಿ. ತಮ್ಮ ಕತ್ತು ಉದ್ದ ಮಾಡಿದ, ಒಂದು ಮೊಣಕಾಲ ಮೇಲೆ ಎದ್ದ, ಮತ್ತೆ ನೆನಪಾಗಿ ಕೂತ. ಒಂದು ಬಸ್ಸಿಗೆ ಗುದ್ದಿದ, ಒಂದು ಅಂಗಡಿಯೊಳಕ್ಕೆ ನುಗ್ಗಿದ, ತಿರುಗಿ ಬಂದು ಅದೇ ಬಸ್ಸಿಗೆ ಇನ್ನೊಂದು ಸಲ ಗುದ್ದಿದ. ಕೊನೆಯ ಸುತ್ತಿನಲ್ಲಿ ಅಕ್ಕ ತಾನೇ ಒಂದು ಕಂಬಕ್ಕೆ ಬಡಿದು ಹಿಂದಕ್ಕೆ ಮುಂದಕ್ಕೆ ಒದ್ದಾಡಿದಳು. ಅಮ್ಮ ಸಾಲು ಗೀಲು ಮರೆತು ಅವಳ ಬೆನ್ನಿಗೇ ಅಂಟಿಕೊಂಡು, “ಎಡಕ್ಕೆ! ಎಡಕ್ಕೆ ಅಂದ್ರೆ ಎಡಕ್ಕೆ!” ಎಂದು ಕಿರುಚಿದಳು. ಅಷ್ಟು ಹೊತ್ತು ಸಿಕ್ಕರೂ ತಮ್ಮನಿಗೆ ಅವಳನ್ನು ಹಿಡಿಯಲಾಗಲಿಲ್ಲ. ಅಕ್ಕ ಗೆರೆ ದಾಟಿದಳು.

ತಮ್ಮ ಕಂಟ್ರೋಲರನ್ನು ಮೆಲ್ಲಗೆ ನೆಲದ ಮೇಲಿಟ್ಟ. “ಯೂನಿಫಾರ್ಮ್ ಒಗೆಯೋ ಸೋಪು ಇನ್ನು ನಂಗೇ,” ಎಂದ ಅಜ್ಜಿಯ ಕಡೆಗೆ ನೋಡಿ. ಅಜ್ಜಿ ನಕ್ಕಿದ್ದೇ ನಕ್ಕಿದ್ದು.

ಸಂಜೆಯೊಳಗೆ ಮಂಚಗಳು ಅದಲು ಬದಲಾದವು. ಎರಡನ್ನೂ ತಮ್ಮನೇ ಎತ್ತಿದ, ಒಂದು ಮಾತೂ ಗೊಣಗದೆ. ಕಂಪ್ಯೂಟರ್ ಮೇಜನ್ನೂ ಎತ್ತಲು ಬಗ್ಗಿದಾಗ ಅಕ್ಕ ತಡೆದಳು.

“ಅದು ಅಲ್ಲೇ ಇರಲಿ. ಕಿಟಕಿ ಹತ್ರ ಇಟ್ಟರೆ ಪರದೆ ತುಂಬ ಬಿಸಿಲು. ಮೊದಲೇ ಅದರ ಕೆಂಪು ಒಂದು ಅವತಾರ. ನೀನು ಕೆಲಸಕ್ಕೆ ಹೋದ್ಮೇಲೆ ನಾನೇ ಇಲ್ಲಿ ಬಂದು ಕೂರ್ತೀನಿ.”

“ಅಂದ್ರೆ ಮಾನಿಟರ್ ನನ್ನ ಕಡೆ?”

“ನಿನ್ನ ಕಡೆ. ಅದಕ್ಕೆ ಬೆಳಕು ಆಗಲ್ಲ. ನಂಗೆ ಆಗುತ್ತೆ.”

ತಮ್ಮ ಸ್ವಲ್ಪ ಯೋಚಿಸಿ, ಗೆದ್ದದ್ದು ತಾನೇ ಇರಬೇಕು ಎಂದುಕೊಂಡ. ಆ ಸಮಾಧಾನದಲ್ಲಿ ಅವನು ಸ್ಟೂಲನ್ನು ಎಳೆದುಕೊಂಡು ಅದರ ಮೇಲೆ ಕೂತ. ಅಪ್ಪ ಅವನ ಹಳೆಯ ಸೀಟನ್ನು ಕತ್ತರಿಸಿ, ಮಡಿಸಿ, ಗಟ್ಟಿಯಾಗಿ ಹೊಲಿದು, ಅಜ್ಜಿಗೆ ಎತ್ತರದ ಆಸನವೊಂದನ್ನು ಮಾಡಿದ. ಅದನ್ನು ಕುರ್ಚಿ ಎಂದು ಕರೆಯಬಾರದೆಂಬ ಷರತ್ತಿನ ಮೇಲೆ ಅಜ್ಜಿ ಹತ್ತಿ ಕೂತಳು. ಪೈಲ್ವಾನರ ಮುಖ ಬೆಳ್ಳಗಾಯಿತು. ಬೀರುವಿನ ಆಚೆ ಅಕ್ಕ ಕಿಟಕಿಯ ಎರಡೂ ಬಾಗಿಲು ತೆಗೆದು ಮೊಣಕೈ ಊರಿ ನಿಂತಳು. ಎದುರಿಗೆ ಪಕ್ಕದ ಮನೆಯ ನೀರಿನ ಟ್ಯಾಂಕು, ಒಂದಿಷ್ಟು ಆಕಾಶ, ಒಣಹಾಕಿದ ಯಾರದೋ ಬನಿಯನ್ನು. ಊಟಕ್ಕೆ ಕರೆಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ತಮ್ಮ ಕಳೆದುಕೊಂಡದ್ದು ಎರಡು ರೇಸು, ಒಂದು ಫೋಮ್ ಸೀಟು, ಒಂದು ಕಿಟಕಿ.