ಸುಟ್ಟುಹೋದ ಸ್ಕೀ

ವೃದ್ಧಾಶ್ರಮದ ಅಡುಗೆಮನೆಯಲ್ಲಿ ದುಡಿದು ಶನಿವಾರ ಮಧ್ಯಾಹ್ನ ಮನೆಗೆ ಬಂದ ಸಿಗ್ರುನ್ ಬಾಗಿಲು ತೆರೆದಳೋ ಇಲ್ಲವೋ, ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬೂಟು ಬಿಚ್ಚುವ ತ್ರಾಣವೂ ಇರಲಿಲ್ಲ. ಹಾಗೆಯೇ ನೆಲಮಾಳಿಗೆಗೆ ಇಳಿದಳು.

ಗಂಡ ಐಲಿಫ್ ಕೆಲಸದ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ಮೇಜಿನ ಮೇಲೆ, ಹಿಮದಲ್ಲಿ ಜಾರಲು ಕಾಲಿಗೆ ಕಟ್ಟುವ ಒಂದು ಸ್ಕೀ ಬೋರಲು ಬಿದ್ದಿತ್ತು. ಅದರ ತಳದಲ್ಲಿ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಡಿತ್ತು. ಮೂತಿಯ ಕಡೆ ತಳದ ಪದರ ಗೇಣುದ್ದ ಎದ್ದು ನಿಂತಿತ್ತು. ಚಳಿಗಾಲಕ್ಕೆ ಮುಂಚೆ ಲಕ್ವ ಹೊಡೆದಾಗಿನಿಂದ ಅವನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಸ್ಕೀ ಸಲೀಸಾಗಿ ಜಾರಲೆಂದು ಎಡಗೈಯಲ್ಲಿ ಮೇಣ ಕರಗಿಸಿ ಹಚ್ಚಲು ಹೋಗಿ, ಬಿಸಿ ಇಸ್ತ್ರಿಯನ್ನು ಒಂದೇ ಕಡೆ ನಿಲ್ಲಿಸಿಬಿಟ್ಟಿದ್ದ.

ಸ್ಕೀ ಅವಳದು.

“ಮೂವತ್ತೊಂದು ವರ್ಷ ನಿನ್ನ ಸ್ಕೀಗೆ ನಾನೇ ಮೇಣ ಹಾಕಿದ್ದು,” ಎಂದ ಐಲಿಫ್, ಅವಳ ಮುಖ ನೋಡದೆ. “ಈ ವರ್ಷ ಒಂದಿನಾನೂ ಹೊರಗೆ ಹೋಗಿಲ್ಲ ನೀನು. ನಾಳೆ ಆದ್ರೂ ಹೋಗಿ ಬರ್ಲಿ ಅಂತ...”

ಮನಸ್ಸು ಕರಗಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಆದರೆ ಇನ್ನೊಂದು ಕೆಲಸ ಮೈಮೇಲೆ ಬಿತ್ತಲ್ಲ ಎಂಬುದಷ್ಟೇ ತಲೆಯಲ್ಲಿತ್ತು. ಮೆಟ್ಟಿಲ ಮೇಲೆ ಕುಸಿದು ಕೂತಳು.

“ನಂಗೆ ಸ್ಕೀ ಬೇಡ ಐಲಿಫ್. ನಿದ್ದೆ ಬೇಕು.”

ಅದನ್ನು ಮೊದಲೇ ಹೇಳಬಾರದಿತ್ತೇ ಎಂದು ಅವನು ಕೇಳಿದ. ಇಡೀ ದಿನ ಕಿಟಕಿಯ ಹತ್ತಿರ ಕೂತು, ಹಿಮ ಚೆನ್ನಾಗಿದೆ, ಊರವರೆಲ್ಲ ಸ್ಕೀಗೆ ಹೋಗುತ್ತಿದ್ದಾರೆ ಎನ್ನುವವನಿಗೆ ಏನಂತ ಹೇಳುವುದು ಎಂದಳು ಅವಳು.

ಮೇಲೆ ಹೋಗಿ ಮಲಗಬಹುದಿತ್ತು. ಆದರೆ ಹಾಗೇ ಬಿಟ್ಟರೆ ತೇವ ಒಳಗೆ ಇಳಿದು ಸ್ಕೀ ಕೆಟ್ಟೇ ಹೋಗುತ್ತದೆ. ಎದ್ದು ಕೋಟು ತೆಗೆದಳು. ಅವನು ಹೇಳುತ್ತ ಹೋದ, ಅವಳು ಮಾಡುತ್ತ ಹೋದಳು. ಎದ್ದ ಪದರದ ಒಳಗನ್ನು ಒರೆಸಿ ಒಣಗಿಸಿದಳು, ಎರಡು ಟ್ಯೂಬಿನ ಅಂಟು ಕಲಸಿ ಚಾಕುವಿನ ಮೊನೆಯಿಂದ ಒಳಗೆ ತುರುಕಿದಳು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ಪಟ್ಟಿ. ಸ್ಕೀ ಜಾರದಂತೆ ಐಲಿಫ್ ಎಡ ಮೊಣಕೈ ಊರಿ ಒತ್ತಿ ಹಿಡಿದ. ಅವಳು ಪಟ್ಟಿಯನ್ನು ಬಿಗಿಯಲು ಕ್ಲಾಂಪು ಹಾಕಿ ತಿರುಗಿಸಿದಳು.

“ಅಷ್ಟು ಬಿಗೀಬೇಡ್ವೇ, ಅಂಟೆಲ್ಲ ಹೊರಗೆ ಬರುತ್ತೆ. ಅದೇನು ಡಬ್ಬಿಯ ಮುಚ್ಚಳವಾ?”

“ನೀನು ಇಸ್ತ್ರಿ ಹಾಕಿದ್ದೂ ಅಂಗಿಗಲ್ಲ.”

ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಗಿ ನಗು ಬಂತು. ಅಂಟು ಕಚ್ಚಿಕೊಳ್ಳಲು ಪೂರ್ತಿ ಒಂದು ದಿನ ಬೇಕು, ನಾಳೆ ಹೋಗಲಾಗದು ಎಂದ.

“ಸದ್ಯ,” ಎಂದಳು ಸಿಗ್ರುನ್.

ಭಾನುವಾರ ಅವಳು ಹನ್ನೊಂದರವರೆಗೆ ಮಲಗಿದಳು. ಎದ್ದಾಗ ಐಲಿಫ್ ಒಂದೇ ಕೈಯಲ್ಲಿ ಬ್ರೆಡ್ಡು ಕೊಯ್ದು, ಕಂದು ಚೀಸನ್ನು ದಪ್ಪದಪ್ಪ ಹೋಳು ಮಾಡಿ ಇಟ್ಟಿದ್ದ. ಕಾಫಿ ಆರಿತ್ತು. ಅವಳು ಎಲ್ಲವನ್ನೂ ತಿಂದು ಕುಡಿದಳು.

ಮುಂದಿನ ಭಾನುವಾರ ತಾನೇ ಮೇಣ ಹಚ್ಚಿ, ಹೆಚ್ಚಾದದ್ದನ್ನು ಕೆರೆದು, ಬ್ರಷ್ ಹಾಕಿ, ಸರೋವರದ ದಡದವರೆಗೆ ಹೋಗಿ ಬಂದಳು. ಅರ್ಧ ಗಂಟೆಯೂ ಆಗಲಿಲ್ಲ. ಹೇಗಿತ್ತು ಎಂದು ಅವನು ಕೇಳಿದ. ಅಂಟು ಹಿಡಿದಿದೆ, ಆದರೆ ಸುಟ್ಟ ಜಾಗಕ್ಕೆ ಹಿಮ ಮೆತ್ತಿಕೊಂಡು ಕಾಲು ಎಳೆಯುತ್ತದೆ ಎಂದಳು.

“ಇನ್ನೂ ಕೆರೀಬೇಕು ಅದನ್ನ.”

“ನೀನೇ ಕೆರಿ. ಅದಕ್ಕೆ ಇಸ್ತ್ರಿ ಬೇಕಾಗಲ್ಲ.”

ಇಬ್ಬರೂ ನೆಲಮಾಳಿಗೆಗೆ ಇಳಿದರು. ಕೆರೆಯುವ ಉಕ್ಕಿನ ಪಟ್ಟಿಯನ್ನು ಅವನ ಎಡಗೈಗೆ ಕೊಟ್ಟು, ಸ್ಕೀಯ ತುದಿಯನ್ನು ಅವಳು ಹಿಡಿದುಕೊಂಡಳು. ಅವನು ನಿಧಾನಕ್ಕೆ, ಸೊಟ್ಟಸೊಟ್ಟಗೆ ಎಳೆಯತೊಡಗಿದ. ಅವಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.