ಯಾವ ಹೊಟ್ಟೆನೋವು?

ಮದುವೆಯಾಗಿ ಎರಡು ವರ್ಷವಾದರೂ ಇಂದ್ರಮ್ಮನ ಮಡಿಲು ತುಂಬಿರಲಿಲ್ಲ. ಅದರ ಮೇಲೆ ತಿಂಗಳು ತಿಂಗಳೂ ಈ ನೋವು. ಹೊರಗಾದ ಮೊದಲ ದಿನ ಕೊಟ್ಟಿಗೆಯ ಮೂಲೆಯಲ್ಲಿ, ತಣ್ಣನೆ ನೆಲದ ಮೇಲೆ ಮುದುಡಿ, ಸೆರಗು ಕಚ್ಚಿಕೊಂಡು ನರಳುತ್ತಿದ್ದಳು. ಗಂಡ ಚಲುವರಾಜು ಪೇಟೆಯ ದವಾಖಾನೆಯಿಂದ ಮೂರು ಸಲ ಔಷಧಿ ತಂದಿದ್ದ. ಕುಡಿದಾಗಲೆಲ್ಲ ಭೇದಿಯಾಗಿ ಹುಡುಗಿ ಸೊರಗಿದಳೇ ಹೊರತು ನೋವು ಕದಲಲಿಲ್ಲ.

ಅತ್ತೆ ಬೆಟ್ಟಮ್ಮ ಒಂದು ತೀರ್ಮಾನಕ್ಕೆ ಬಂದಿದ್ದಳು. ಔಷಧಿಗೂ ಬಗ್ಗದ ನೋವೆಂದರೆ ಗರ್ಭವೇ ಕೆಟ್ಟಿದೆ. ಸೊಸೆಯನ್ನು ಚಿಕ್ಕರಸಿನಕೆರೆಯ ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತರುವುದು. ಹಾಗೆಂದುಕೊಂಡಾಗಲೆಲ್ಲ ಅವಳ ಎದೆಯೊಳಗೆ ಏನೋ ಚುಚ್ಚುತ್ತಿತ್ತು. ಹುಡುಗಿ ಒಮ್ಮೆಯೂ ಎದುರಾಡಿದವಳಲ್ಲ.

ಆ ತಿಂಗಳು ಇಂದ್ರಮ್ಮ ಹೊರಗಾದ ದಿನ ಮಧ್ಯಾಹ್ನ, ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ಸರ್ಕಾರಿ ಸೂಲಗಿತ್ತಿ ಯಶೋದಮ್ಮ, ನರಳಾಟ ಕೇಳಿ ಕೊಟ್ಟಿಗೆಗೇ ಬಂದರು.

"ಅವ್ಳ ಅಣೆಬರಾ ಕಣಮ್ಮಾರೆ, ಒಟ್ಟೆನೋವು. ನಿಮ್ ದವಾಖಾನೆ ಔಸ್ದಿನೂ ಕುಡ್ಸಾಯ್ತು, ಬರೀ ಭೇದಿ ಆಯ್ತದೆ" ಎಂದಳು ಬೆಟ್ಟಮ್ಮ.

ಯಶೋದಮ್ಮ, ಎತ್ತಿಗೆ ಹುಲ್ಲು ಹಾಕುತ್ತಿದ್ದ ಚಲುವರಾಜುವಿನ ಕಡೆ ತಿರುಗಿದರು. "ಡಾಕ್ಟ್ರಿಗೆ ಏನಂತ ಹೇಳ್ದೆಯಪ್ಪ?"

"ಒಟ್ಟೆನೋವು ಅಂದೆ."

"ಯಾವ ಹೊಟ್ಟೆನೋವು?"

ಅವನು ಎತ್ತಿನ ಕಡೆ ನೋಡಿದ. "ಅದ್ನೆಲ್ಲಾ ಗಂಡಸ್ರು ಎಂಗೇಳಾದು?"

ಯಶೋದಮ್ಮ ನಕ್ಕುಬಿಟ್ಟರು. "ಅಜೀರ್ಣ ಅಂದ್ಕೊಂಡು ಭೇದಿ ಔಷಧಿ ಕೊಟ್ಟವ್ರೆ! ಇದು ಮುಟ್ಟಿನ ನೋವು ಕಣಪ್ಪ."

"ಮೆತ್ಗೆ, ಬೀದಿಗ್ ಕೇಳ್ತದೆ!" ಎಂದಳು ಬೆಟ್ಟಮ್ಮ.

"ಕೇಳ್ಲಿ ಬಿಡಿ. ಒದ್ದೆ ಸೀರೆ ಹಿಂಡ್ತೀರಲ್ಲ, ಹಂಗೇ ತಿಂಗಳ ರಕ್ತ ಆಚೆಗೆ ಹಾಕೋಕೆ ಗರ್ಭಕೋಶ ತನ್ನನ್ನೇ ಹಿಂಡ್ಕೊತದೆ. ಕೆಲವ್ರಿಗೆ ಜೋರಾಗಿ ಹಿಂಡ್ತದೆ. ಅದು ಶಾಪ ಅಲ್ಲ. ನೋವು ಬಂದವ್ರೆಲ್ಲ ಬಂಜೆಯರೂ ಅಲ್ಲ."

"ನಂಗೂ ಇಂಗೇ ಆಯ್ತಿತ್ತು."

ಮಾತು ಬೆಟ್ಟಮ್ಮನ ಬಾಯಿಂದ ತಾನಾಗಿ ಬಿದ್ದಿತು. ಮೂರು ಹೆತ್ತವಳು ಇಷ್ಟು ವರ್ಷ ಅದನ್ನು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಯಶೋದಮ್ಮ ಉಪ್ಪು ಹುರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿಸಿದರು. ಗಂಟು ಹಿಡಿದ ಬೆಟ್ಟಮ್ಮ ಅಲ್ಲೇ ನಿಂತಳು. "ಮುಟ್ಟಿದ್ರೆ ಮೈಲ್ಗೆ..."

"ಆಮೇಲೆ ನೀರು ಹುಯ್ಕೊಳ್ಳಿ, ಯಾರು ಬೇಡಾಂದ್ರು? ಬಿಸಿ ಆರೋಗ್ತದೆ!"

ಬೆಟ್ಟಮ್ಮ ಕುಳಿತು, ಶಾಖದ ಹದ ನೋಡಿ, ಸೊಸೆಯ ಕಿಬ್ಬೊಟ್ಟೆಗೆ ಒತ್ತಿದಳು. ಸ್ವಲ್ಪ ಹೊತ್ತಿನಲ್ಲಿ ಹುಡುಗಿಯ ಬಿಗಿದ ಮುಷ್ಟಿ ಸಡಿಲವಾಯಿತು.

"ಬೆಚ್ಚಗೆ ಮಲಗ್ಸಿ, ಬಿಸಿ ಊಟ ಕೊಡಿ, ಆದಷ್ಟು ಓಡಾಡ್ಲಿ. ಆದ್ರೂ ಒಂದ್ಸಲ ಲೇಡಿ ಡಾಕ್ಟ್ರಿಗೆ ತೋರ್ಸಿ. ಕೆಲವ್ರಿಗೆ ಒಳಗೆ ಗೆಡ್ಡೆನೋ ಕೀವೋ ಇದ್ದೂ ನೋವು ಬತ್ತದೆ" ಎಂದು ಹೇಳಿ ಯಶೋದಮ್ಮ ಹೊರಟರು.

ಮುಂದಿನ ವಾರ ಬೆಟ್ಟಮ್ಮ ತಾನೇ ಸೊಸೆಯನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ದಳು. ಸಾಲಾಗಿ ಗಂಡಸರು ಕುಳಿತಿದ್ದರು. ಚೀಟಿ ಬರೆಯುವವನು ಏನು ಕಾಯಿಲೆ ಎಂದ. ಬೆಟ್ಟಮ್ಮ ಸೆರಗು ಸರಿಮಾಡಿಕೊಂಡಳು.

"ನಮ್ ಸೊಸೆಗೆ ಮುಟ್ಟಿನ ನೋವು ಕಣಪ್ಪ. ಬರ್ಕೊ."

ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಗರ್ಭಕೋಶದಲ್ಲಿ ದೋಷವೇನೂ ಕಾಣುವುದಿಲ್ಲವೆಂದರು. ನೋವಿಗೆ ಮಾತ್ರೆ ಕೊಟ್ಟರು. ಬೇರೆ ಹೆಣ್ಣು ತರುವ ಯೋಚನೆಯನ್ನು ಬೆಟ್ಟಮ್ಮ ಅಲ್ಲೇ ಬಿಟ್ಟಳು.

ಹಿಂದಿರುಗುವಾಗ ಬಸ್ಸಿನಲ್ಲಿ ಇಂದ್ರಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಅಷ್ಟ್ ಜೋರಾಗಾ ಏಳಾದು, ಅತ್ತೆ?"

"ಸುಮ್ಕಿರು. ನಿನ್ ಗಂಡ ಮೂರ್ ಸಲ ಮೆಲ್ಲುಗ್ ಏಳಿ ಏನ್ ಕಂಡ?"

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ತಾಯಂದಿರೇ, ನಿಮ್ಮ ಮಗಳೋ ಸೊಸೆಯೋ ಹೊಟ್ಟೆ ಹಿಡಿದು ಕುಳಿತರೆ ಯಾವ ನೋವೆಂದು ಹತ್ತಿರ ಕೂತು ಕೇಳಿ. ಶಾಖ ಕೊಡಿ. ನೋವು ತಿಂಗಳಿಂದ ತಿಂಗಳಿಗೆ ಏರಿದರೆ, ರಕ್ತ ಅತಿಯಾಗಿ ಹೋದರೆ, ಜ್ವರ ಬಂದರೆ, ಮುಟ್ಟಿಲ್ಲದ ದಿನವೂ ನೋವಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅಲ್ಲಿ ನೋವಿನ ಹೆಸರನ್ನು ಬಾಯಿಬಿಟ್ಟು ಹೇಳಿ. ಹೇಳದ ನೋವಿಗೆ ಮದ್ದು ಕೊಡುವುದು ಯಾರಿಂದ ಸಾಧ್ಯ?